ನಿಂತಿದ್ದ ಸೈಕಲ್ಲಿನ ಟೈರ್ ರಿಮ್ಮಿನಿಂದ ಕಿತ್ತುಬಂದದ್ದು ಏಕೆ?

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿಯ ಕಡೆಯವನು. ಗೇರ್ ಇರುವ ಹೈಬ್ರಿಡ್ ಸೈಕಲ್ ಓಡಿಸುತ್ತೇನೆ. ಅದಕ್ಕೆ ಅಲ್ಯೂಮಿನಿಯಂ ರಿಮ್, ರಿಮ್ಮನ್ನೇ ಹಿಡಿಯುವ ವಿ-ಬ್ರೇಕ್, 700×32 ಅಳತೆಯ ಟೈರ್ ಇವೆ. ಹಿಂದಿನ ಟೈರ್ ಸವೆದಿದ್ದರಿಂದ ಕಳೆದ ವಾರ ಒಂದು ಅಂಗಡಿಯಲ್ಲಿ ಹೊಸ ಟೈರ್ ಮತ್ತು ಹೊಸ ಟ್ಯೂಬ್ ಹಾಕಿಸಿದೆ. ಟೈರಿನ ಪಕ್ಕದಲ್ಲಿ 50ರಿಂದ 85 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಎಂದು ಅಚ್ಚಾಗಿದೆ. 80ರಷ್ಟು ಗಾಳಿ ತುಂಬಿರುವುದಾಗಿ ಅಂಗಡಿಯವರು ಹೇಳಿದರು. ಬೆಳಿಗ್ಗೆ ಸೈಕಲ್ಲನ್ನು ಮನೆಗೆ ತಂದು ಜಗಲಿಯಲ್ಲಿ ನಿಲ್ಲಿಸಿದೆ. ಮಧ್ಯಾಹ್ನ, ಯಾರೂ ಅದನ್ನು ಮುಟ್ಟದೆ ಇದ್ದಾಗ, ಎದುರು ಮನೆಯವರು ಹೊರಗೆ ಬಂದು ನೋಡುವಷ್ಟು ದೊಡ್ಡ ಸದ್ದಿನೊಂದಿಗೆ ಹಿಂದಿನ ಚಕ್ರದ ಗಾಳಿಯೆಲ್ಲ ಒಮ್ಮೆಲೇ ಹೋಯಿತು. ಬಿಚ್ಚಿ ನೋಡಿದರೆ ಟ್ಯೂಬ್ ಒಂದು ಗೇಣಿನಷ್ಟು ಉದ್ದಕ್ಕೆ ಸೀಳಿದೆ. ಟೈರ್ ಎಲ್ಲಿಯೂ ಹರಿದಿಲ್ಲ. ಒಂದು ಪಕ್ಕದಲ್ಲಿ ಸ್ವಲ್ಪ ಭಾಗ ರಿಮ್ಮಿನಿಂದ ಹೊರಗೆ ಬಂದಿತ್ತು, ಉಳಿದದ್ದೆಲ್ಲ ಸರಿಯಾಗಿಯೇ ಕೂತಿತ್ತು.

ಬಿಸಿಲಿಗೆ ಗಾಳಿ ಹಿಗ್ಗಿ ಟ್ಯೂಬ್ ಒಡೆದಿದೆ, ಒಡೆದ ರಭಸಕ್ಕೆ ಟೈರ್ ಹೊರಗೆ ಬಂದಿದೆ, ಟ್ಯೂಬಿನ ಗುಣಮಟ್ಟವೇ ಕಡಿಮೆಯಿತ್ತು ಎಂಬುದು ಅಂಗಡಿಯವರ ವಿವರಣೆ. ಇದು ನಿಜವೇ? ಮಳೆಗಾಲ ಮುಗಿದ ಮೇಲೆ ಆಗುಂಬೆ ಘಾಟಿ ಇಳಿದು ಸೋಮೇಶ್ವರದವರೆಗೆ ಹೋಗಬೇಕೆಂದಿದ್ದೇನೆ. ನಿಂತಲ್ಲೇ ಹೀಗಾಗುವುದಾದರೆ ಘಾಟಿಯಲ್ಲಿ ಬ್ರೇಕ್ ಹಿಡಿದು ಇಳಿಯುವಾಗ ಏನಾದೀತು ಎಂಬ ಆತಂಕ ಹುಟ್ಟಿದೆ. ಬಲ್ಲವರು ತಿಳಿಸಬೇಕು.

ರಿಪೇರಿಮೇಷ್ಟ್ರು

ನಮಸ್ಕಾರ. ಉತ್ತರದ ಬಹುಪಾಲು ನಿಮ್ಮ ವಿವರಣೆಯಲ್ಲೇ ಇದೆ. ಸದ್ದು ಬಹಳ ದೊಡ್ಡದಾಗಿತ್ತು ಮತ್ತು ಟೈರ್ ಎಲ್ಲೂ ಹರಿದಿಲ್ಲ ಎಂಬ ಎರಡು ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಮೊದಲು ಟೈರಿನ ಅಂಚು ರಿಮ್ಮಿನಿಂದ ಹೊರಗೆ ಬಂದಿದೆ, ಆಮೇಲೆ ಟ್ಯೂಬ್ ಒಡೆದಿದೆ ಎಂದು ಖಚಿತವಾಗಿ ಹೇಳಬಹುದು. ಅಂಗಡಿಯವರು ಹೇಳಿದ ಕ್ರಮ ತಿರುವುಮುರುವಾಗಿದೆ.

ಟ್ಯೂಬ್ ಇರುವುದು ಗಾಳಿ ಸೋರದಂತೆ ಹಿಡಿದಿಡಲು. ಗಾಳಿಯ ಒತ್ತಡವನ್ನು ತಡೆಯುವ ಶಕ್ತಿ ಅದಕ್ಕಿಲ್ಲ. ಹೊರಗೆ ತೆಗೆದು ಪಂಪ್ ಹೊಡೆದರೆ ತೀರ ಕಡಿಮೆ ಒತ್ತಡಕ್ಕೇ ಅದು ಎರಡು ಮೂರು ಪಟ್ಟು ಉಬ್ಬಿಬಿಡುತ್ತದೆ. 80 ಪಿಎಸ್‌ಐ ಒತ್ತಡವನ್ನು ನಿಜವಾಗಿ ಹೊರುವುದು ಟೈರಿನೊಳಗಿನ ನೂಲಿನ ಪದರ, ಅದರ ಎರಡೂ ಅಂಚುಗಳಲ್ಲಿ ಹುದುಗಿರುವ ತಂತಿಯ ಬಳೆ (ಇದನ್ನೇ ಬೀಡ್ ಎನ್ನುವುದು), ಮತ್ತು ಆ ಬೀಡನ್ನು ಹಿಡಿದುಕೊಂಡಿರುವ ರಿಮ್. ಗಟ್ಟಿ ಬಟ್ಟೆಯ ಚೀಲದೊಳಗೆ ಬಿಗಿಯಾಗಿ ಊದಿದ ಬಲೂನಿಗೆ ಸೂಜಿ ಚುಚ್ಚಿದರೆ ಚೀಲ ಇರುವವರೆಗೆ ಅದು ಢಂ ಎನ್ನಲಾರದು. ಗಾಳಿ ಸುಸ್ಸೆಂದು ಸೋರಿಹೋಗುತ್ತದೆ. ಟೈರಿನೊಳಗಿನ ಟ್ಯೂಬಿನ ಸ್ಥಿತಿಯೂ ಅದೇ. ಒಳಗೆ ಎಷ್ಟೇ ದೊಡ್ಡ ತೂತಾದರೂ ಗಾಳಿ ಟೈರ್ ಮತ್ತು ರಿಮ್ಮಿನ ಸಂದಿಯಲ್ಲೋ ವಾಲ್ವಿನ ತೂತಿನಲ್ಲೋ ನುಸುಳಿ ಹೊರಗೆ ಬರಬೇಕು. ದೊಡ್ಡ ಸದ್ದು ಬರಬೇಕಾದರೆ ಗಾಳಿಯೆಲ್ಲವೂ ಒಂದೇ ಕ್ಷಣದಲ್ಲಿ ಹಿಗ್ಗಲು ದಾರಿ ಸಿಗಬೇಕು. ಅಂಥ ದಾರಿ ಇರುವುದು ಎರಡೇ: ಟೈರಿನ ಮೈ ಹರಿಯಬೇಕು, ಇಲ್ಲವೇ ಅದರ ಅಂಚು ರಿಮ್ಮಿನಿಂದ ಮೇಲೇಳಬೇಕು. ನಿಮ್ಮ ಟೈರ್ ಹರಿದಿಲ್ಲ. ಹಾಗಾದರೆ ಉಳಿದದ್ದು ಎರಡನೆಯದು.

ಟೈರ್ ಸರಿಯಾಗಿಯೇ ಕೂತಿತ್ತಲ್ಲ ಎಂಬ ಗೊಂದಲ ಬಹಳ ಮಂದಿಗೆ ಆಗುತ್ತದೆ. ಕೆಲವೇ ಸೆಂಟಿಮೀಟರ್ ಉದ್ದದ ಅಂಚು ಹೊರಗೆ ಬಂದರೂ ಸಾಕು, ಆ ಸಂದಿಯಿಂದ ಟ್ಯೂಬ್ ಹೊರಗೆ ಉಬ್ಬಿ ಒಡೆಯುತ್ತದೆ. ಗಾಳಿ ಹೋದ ಕೂಡಲೇ ಟೈರ್ ಸಡಿಲವಾಗಿ ಮತ್ತೆ ತನ್ನ ಜಾಗಕ್ಕೆ ಬೀಳುವುದುಂಟು. ಹಾಗೆ ಬಿದ್ದಾಗ ನೋಡುವವರಿಗೆ ಟೈರ್ ಚೆನ್ನಾಗಿಯೇ ಇದೆ, ಒಳಗೆ ಟ್ಯೂಬ್ ಮಾತ್ರ ಸಿಡಿದಿದೆ ಎಂದು ತೋರುತ್ತದೆ. ತಪ್ಪಿಲ್ಲದ ಟ್ಯೂಬುಗಳ ಮೇಲೆ ದೂರು ಬರುವುದು ಈ ಕಾರಣಕ್ಕೇ.

ಈಗ ಬಿಸಿಲಿನ ಲೆಕ್ಕ ನೋಡೋಣ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 80 ಪಿಎಸ್‌ಐ ಇದ್ದ ಗಾಳಿ 50 ಡಿಗ್ರಿಗೆ ಕಾದರೆ, ವಾತಾವರಣದ ಒತ್ತಡವನ್ನೂ ಸೇರಿಸಿ ಲೆಕ್ಕ ಹಾಕಿದಾಗ, ಸುಮಾರು 88 ಪಿಎಸ್‌ಐ ಆಗುತ್ತದೆ. ಅಂದರೆ ಶೇಕಡಾ 10ರಷ್ಟು ಏರಿಕೆ. ಟೈರಿನ ಮೇಲೆ ಅಚ್ಚಾದ ಗರಿಷ್ಠ ಮಿತಿ 85. ಅದನ್ನು ಮೂರು ಅಂಕ ಮೀರಿತು ಎಂಬುದು ನಿಜವಾದರೂ, ಸೈಕಲ್ ಸುರಕ್ಷತೆಯ ಅಂತರರಾಷ್ಟ್ರೀಯ ನಿಯಮವಾದ ಐಎಸ್‌ಒ 4210 ಮಾನದಂಡದ ಪ್ರಕಾರ ಟೈರ್ ತನ್ನ ಗರಿಷ್ಠ ಒತ್ತಡದ ಶೇಕಡಾ 110ರಷ್ಟನ್ನು ಕನಿಷ್ಠ 5 ನಿಮಿಷ ರಿಮ್ಮಿನ ಮೇಲೆ ಕದಲದೆ ತಡೆದುಕೊಳ್ಳಬೇಕು. ನಿಮ್ಮ ಟೈರಿಗೆ ಆ ಪರೀಕ್ಷೆಯ ಅಂಕ 93ಕ್ಕೂ ಹೆಚ್ಚು. ಸರಿಯಾದ ಅಳತೆಯ ರಿಮ್ಮಿನಲ್ಲಿ ಸರಿಯಾಗಿ ಕೂತ ಟೈರನ್ನು ಜಗಲಿಯ ಬಿಸಿಲೊಂದೇ ಹೊರಗೆ ಹಾಕಲಾರದು. ಮೊದಲೇ ಜಾರಲು ಶುರುವಾಗಿದ್ದ ಅಂಚಿಗೆ ಬಿಸಿಲು ಕೊನೆಯ ತಳ್ಳು ಕೊಟ್ಟಿರಬಹುದು, ಅಷ್ಟೇ.

ಆ ಅಂಚು ಜಾರಲು ಶುರುವಾದದ್ದು ಹೇಗೆ? ನನ್ನ ಬಲವಾದ ಊಹೆ, ಟೈರ್ ಕೂರಿಸುವಾಗ ಟ್ಯೂಬಿನ ಒಂದು ಭಾಗ ಬೀಡಿನ ಕೆಳಗೆ ಸಿಕ್ಕಿಹಾಕಿಕೊಂಡಿತ್ತು ಎಂಬುದು. ಇಂದಿನ ಬಹುತೇಕ ಅಲ್ಯೂಮಿನಿಯಂ ರಿಮ್ಮುಗಳ ತುಟಿ ಒಳಕ್ಕೆ ಬಾಗಿ ಚಿಕ್ಕ ಕೊಕ್ಕೆಯಂತಿರುತ್ತದೆ. ಗಾಳಿ ತುಂಬಿದಾಗ ಬೀಡ್ ಆ ಕೊಕ್ಕೆಯ ಕೆಳಗೆ ಹೋಗಿ ಕಚ್ಚಿಕೊಳ್ಳಬೇಕು. ನಡುವೆ ಟ್ಯೂಬಿನ ರಬ್ಬರ್ ಇದ್ದರೆ ಬೀಡ್ ಪೂರ್ತಿ ಕೆಳಗೆ ಇಳಿಯುವುದಿಲ್ಲ, ಕೊಕ್ಕೆಗೂ ಸರಿಯಾಗಿ ಸಿಗುವುದಿಲ್ಲ. ಅಲ್ಲಿರುವ ಬಲವೇನೂ ಸಣ್ಣದಲ್ಲ: 32 ಮಿ.ಮೀ. ಅಗಲದ ಟೈರಿನಲ್ಲಿ 80 ಪಿಎಸ್‌ಐ ಇದ್ದರೆ, ಸರಳ ಲೆಕ್ಕದಲ್ಲಿ, ಅಂಚಿನ ಪ್ರತಿ ಸೆಂಟಿಮೀಟರ್ ಉದ್ದಕ್ಕೂ ಸುಮಾರು 9 ಕೆ.ಜಿ. ತೂಕದಷ್ಟು ಎಳೆತ ಬೀಳುತ್ತದೆ. ಆ ಎಳೆತಕ್ಕೆ ಸಿಕ್ಕ ಮೆತ್ತನೆಯ ರಬ್ಬರ್ ನಿಧಾನವಾಗಿ ಜರುಗುತ್ತದೆ, ಅದರೊಂದಿಗೆ ಅಂಚೂ ಕೂದಲೆಳೆಯಷ್ಟಷ್ಟೇ ಮೇಲೇರುತ್ತದೆ. ಇದಕ್ಕೆ ಕೆಲವು ನಿಮಿಷ ಹಿಡಿಯಬಹುದು, ಅರ್ಧ ದಿನವೂ ಹಿಡಿಯಬಹುದು. ಅಂಗಡಿಯಲ್ಲಿ ಸರಿಯಾಗಿದ್ದದ್ದು ಮಧ್ಯಾಹ್ನದ ಹೊತ್ತಿಗೆ, ಯಾರೂ ಮುಟ್ಟದೆ ಇದ್ದಾಗ, ಏಕೆ ಸಿಡಿಯಿತು ಎಂಬುದಕ್ಕೆ ಉತ್ತರ ಇದು.

ದಯವಿಟ್ಟು ಎರಡು ಸಂಗತಿ ನೋಡಿ ತಿಳಿಸಿ. ಟ್ಯೂಬಿನ ಸೀಳು ವಾಲ್ವಿನಿಂದ ಎಷ್ಟು ದೂರದಲ್ಲಿದೆ? ಸೀಳಿನ ಪಕ್ಕದಲ್ಲಿ ಟೈರಿನ ಅಂಚು ಒತ್ತಿದ ಗೆರೆಯೇನಾದರೂ ಕಾಣುತ್ತದೆಯೇ?

ಕಡ್ಡಿಚಕ್ರ

ಮೇಷ್ಟ್ರ ಮಾತಿಗೆ ನನ್ನ ಸಹಮತವಿದೆ. ಆದರೆ ಟ್ಯೂಬ್ ಸಿಕ್ಕಿಕೊಂಡಿತ್ತು ಎಂದು ತೀರ್ಮಾನಿಸುವ ಮೊದಲು ಇನ್ನೆರಡು ಕಾರಣಗಳನ್ನು ತಳ್ಳಿಹಾಕಬೇಕು.

ಮೊದಲನೆಯದು ಅಳತೆ. ನಮ್ಮ ಅಂಗಡಿಗಳಲ್ಲಿ ಟೈರ್ ಕೇಳುವುದೂ ಕೊಡುವುದೂ 26, 27, 28 ಎಂಬ ಇಂಚಿನ ಲೆಕ್ಕದಲ್ಲಿ. ಆ ಇಂಚು ಟೈರಿನ ಹೊರಸುತ್ತಿನ ಅಂದಾಜು ಅಳತೆಯೇ ಹೊರತು ರಿಮ್ಮಿನ ಮೇಲೆ ಬೀಡ್ ಕೂರುವ ಜಾಗದ್ದಲ್ಲ. ಒಂದೇ 26 ಎಂಬ ಹೆಸರಿನಲ್ಲಿ, 26×1⅜ ಟೈರಿನ ಬೀಡ್ ವ್ಯಾಸ 590 ಮಿ.ಮೀ., 26×1½ ಟೈರಿನದು 584, 26×1.75 ಟೈರಿನದು 559. ದೊಡ್ಡ ಚಕ್ರಗಳಲ್ಲೂ ಹೀಗೆಯೇ: ಹಳೆಯ ಕರಿ ಸೈಕಲ್ಲಿನ 28×1½ ಟೈರಿಗೆ 635, ಹಳೆಯ ಸ್ಪೋರ್ಟ್ಸ್ ಸೈಕಲ್ಲಿನ 27×1¼ ಟೈರಿಗೆ 630, ನಿಮ್ಮ 700ರ ಟೈರಿಗೆ 622. 630ರ ಟೈರನ್ನು 622ರ ರಿಮ್ಮಿಗೆ ಹಾಕಿದರೆ ವ್ಯಾಸದಲ್ಲಿ 8 ಮಿ.ಮೀ. ವ್ಯತ್ಯಾಸ, ಸುತ್ತಳತೆಯಲ್ಲಿ ಸುಮಾರು 25 ಮಿ.ಮೀ. ಸಡಿಲು ಉಳಿಯುತ್ತದೆ. ಹಾಕುವಾಗ ಅದು ಬಹಳ ಸುಲಭವಾಗಿ, ಲಿವರ್ (ಟೈರ್ ಮೀಟುವ ಪಟ್ಟಿ) ಕೂಡ ಬೇಕಿಲ್ಲದಂತೆ ಕೂರುತ್ತದೆ. ಕಡಿಮೆ ಗಾಳಿಯಲ್ಲಿ ಸರಿಯಾಗಿಯೂ ಕಾಣುತ್ತದೆ. ಗಾಳಿ ಏರಿದಂತೆ ಸಡಿಲೆಲ್ಲ ಒಂದೇ ಕಡೆ ಸೇರಿ, ಅಲ್ಲಿ ಬೀಡ್ ರಿಮ್ಮಿನ ತುಟಿಯನ್ನು ದಾಟುತ್ತದೆ. ಹೊಸ ಟೈರ್ ಕೈಯಲ್ಲೇ ಸಲೀಸಾಗಿ ಕೂತರೆ ಸಂತೋಷಪಡುವುದಕ್ಕಿಂತ ಮೊದಲು ಪಕ್ಕದಲ್ಲಿ ಅಚ್ಚಾಗಿರುವ 32-622 ರೀತಿಯ ಜೋಡಿ ಅಂಕಿಯನ್ನು ಓದಬೇಕು. ಮೊದಲನೆಯ ಅಂಕಿ ಟೈರಿನ ಅಗಲ, ಎರಡನೆಯದು ಬೀಡ್ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. ಈ ಎರಡನೆಯ ಅಂಕಿ ರಿಮ್ಮಿನ ಅಂಕಿಗೆ ಸರಿಯಾಗಿ ಹೊಂದಲೇಬೇಕು. ಅಂಗಡಿಯಲ್ಲಿ ಇಂಚಿನ ಬದಲು ಈ ಅಂಕಿಯನ್ನೇ ಹೇಳಿ ಟೈರ್ ಕೇಳುವ ಅಭ್ಯಾಸ ಎಲ್ಲರಿಗೂ ಬರಬೇಕೆಂಬುದು ನನ್ನ ಬಹುಕಾಲದ ಆಸೆ.

ಎರಡನೆಯದು ರಿಮ್ಮಿನ ಸವೆತ. ನಿಮ್ಮದು ರಿಮ್ ಬ್ರೇಕ್, ಮೇಲಾಗಿ ಮಲೆನಾಡಿನ ಮಳೆ ಮತ್ತು ಕೆಂಪು ಮಣ್ಣು. ಬ್ರೇಕಿನ ರಬ್ಬರಿಗೆ ಮೆತ್ತಿಕೊಂಡ ಮರಳಿನ ಕಣಗಳು ಅಲ್ಯೂಮಿನಿಯಂ ಗೋಡೆಯನ್ನು ಉಜ್ಜುತ್ತಲೇ ಇರುತ್ತವೆ. ಚಿಕ್ಕ ಸ್ಕೇಲಿನ ಅಂಚನ್ನು ಬ್ರೇಕ್ ಹಿಡಿಯುವ ಮೈಗೆ ಆನಿಸಿ ಬೆಳಕಿಗೆ ಹಿಡಿದು ನೋಡಿ. ಮಧ್ಯದಲ್ಲಿ ಕುಳಿ ಕಂಡರೆ ಗೋಡೆ ತೆಳುವಾಗಿದೆ ಎಂದರ್ಥ. ಬಹಳ ರಿಮ್ಮುಗಳಲ್ಲಿ ಸವೆತ ತೋರಿಸಲೆಂದೇ ಸುತ್ತಲೂ ಒಂದು ಗೀರು ಅಥವಾ ಚಿಕ್ಕ ಗುಳಿ ಇರುತ್ತದೆ. ಅದು ಅಳಿಸಿಹೋಗಿದ್ದರೆ ರಿಮ್ ಬದಲಾಯಿಸಬೇಕು. ತೀರ ತೆಳುವಾದ ಗೋಡೆ ಗಾಳಿಯ ಒತ್ತಡಕ್ಕೆ ಹೊರಕ್ಕೆ ಬಾಗುತ್ತದೆ, ಒಮ್ಮೊಮ್ಮೆ ಉದ್ದಕ್ಕೆ ಬಿರಿದೂ ಹೋಗುತ್ತದೆ. ಆಗ ಟೈರಿನಲ್ಲಾಗಲಿ ಟ್ಯೂಬಿನಲ್ಲಾಗಲಿ ಯಾವ ದೋಷ ಇಲ್ಲದಿದ್ದರೂ ಹಿಡಿಯುವ ಕೊಕ್ಕೆಯೇ ಇಲ್ಲದಂತಾಗುತ್ತದೆ.

ತುಂಗಾತೀರ

ಇಬ್ಬರಿಗೂ ಕೃತಜ್ಞತೆಗಳು. ಹೇಳಿದಂತೆ ನೋಡಿದೆ. ಟೈರಿನ ಮೇಲೆ 32-622 ಎಂದಿದೆ, ರಿಮ್ಮಿಗೆ ಅಂಟಿಸಿದ ಚೀಟಿಯಲ್ಲೂ 622 ಎಂದೇ ಇದೆ. ರಿಮ್ಮಿನ ಮೈ ಸಮತಟ್ಟಾಗಿದೆ, ಸವೆತದ ಗೀರು ಸ್ಪಷ್ಟವಾಗಿ ಕಾಣುತ್ತದೆ. ಟ್ಯೂಬಿನ ಸೀಳು ವಾಲ್ವಿನಿಂದ ನಾಲ್ಕು ಬೆರಳಿನಷ್ಟು ಆಚೆ ಶುರುವಾಗುತ್ತದೆ. ವಾಲ್ವಿನ ಬುಡದಿಂದ ಸೀಳಿನವರೆಗೆ ರಬ್ಬರಿನ ಮೇಲೆ, ಉಗುರಿನಿಂದ ಗೀಚಿದ ಹಾಗೆ, ಹೊಳಪಿಲ್ಲದ ಒಂದು ಗೆರೆ ಇದೆ. ಉಳಿದ ಕಡೆ ಎಲ್ಲೂ ಇಲ್ಲ. ಇದೇ ನೀವು ಕೇಳಿದ ಗೆರೆ ಎಂದುಕೊಳ್ಳುತ್ತೇನೆ. ಘಾಟಿಯ ವಿಷಯವನ್ನೂ ಯಾರಾದರೂ ತಿಳಿಸಿದರೆ ಉಪಕಾರವಾಗುತ್ತದೆ.

ಘಾಟಿಸವಾರ

ಘಾಟಿಯ ವಿಷಯದಲ್ಲಿ ನಿಮ್ಮ ಆತಂಕಕ್ಕೆ ಆಧಾರವಿದೆ. ಜಗಲಿಯ ಬಿಸಿಲಿಗೂ ಬ್ರೇಕಿನ ಬಿಸಿಗೂ ಹೋಲಿಕೆಯೇ ಇಲ್ಲ.

ಸವಾರ ಮತ್ತು ಸೈಕಲ್ ಸೇರಿ 90 ಕೆ.ಜಿ. ಎಂದಿಟ್ಟುಕೊಳ್ಳಿ. 100 ಮೀಟರ್ ಎತ್ತರ ಇಳಿದರೆ ಸುಮಾರು 88 ಕಿಲೋಜೌಲ್ ಶಕ್ತಿ ಎಲ್ಲಾದರೂ ಹೋಗಬೇಕು. ಅದೆಲ್ಲವೂ ಬ್ರೇಕಿನ ಮೂಲಕ ತಲಾ ಅರ್ಧ ಕೆ.ಜಿ. ತೂಕದ ಎರಡು ಅಲ್ಯೂಮಿನಿಯಂ ರಿಮ್ಮುಗಳಿಗೆ ಸೇರಿ, ಒಂದಿಷ್ಟೂ ಹೊರಗೆ ಹೋಗದಿದ್ದರೆ, ರಿಮ್ಮಿನ ಉಷ್ಣತೆ ನೂರು ಡಿಗ್ರಿಯಷ್ಟು ಏರುತ್ತದೆ. ವಾಸ್ತವದಲ್ಲಿ ಗಾಳಿ ರಿಮ್ಮನ್ನು ತಣಿಸುತ್ತಲೇ ಇರುತ್ತದೆ, ಗಾಳಿಯ ತಡೆಯೂ ಶಕ್ತಿಯ ಒಂದು ಪಾಲನ್ನು ಹೀರಿಕೊಳ್ಳುತ್ತದೆ; ಆದ್ದರಿಂದ ಅಷ್ಟು ಏರುವುದಿಲ್ಲ. ಆದರೆ ಆಗುಂಬೆಯ ಇಳಿತ 100 ಮೀಟರಿಗೆ ಮುಗಿಯುವುದೂ ಇಲ್ಲ. ಹದಿನಾಲ್ಕು ಹಿಮ್ಮುರಿ ತಿರುವುಗಳ ನಡುವೆ ಬ್ರೇಕನ್ನು ಬಿಡಲು ಸಿಗುವ ನೇರ ರಸ್ತೆಯೂ ಕಡಿಮೆ. ಒಳಗಿನ ಗಾಳಿ 27 ಡಿಗ್ರಿಯಿಂದ 100 ಡಿಗ್ರಿಗೆ ಏರಿತು ಎಂದಾದರೆ, ಮೇಲೆ 80 ಇದ್ದ ಒತ್ತಡ ಸುಮಾರು 103 ಪಿಎಸ್‌ಐ ಆಗುತ್ತದೆ. ಮೇಷ್ಟ್ರು ಹೇಳಿದ 93ರ ಗಡಿಯನ್ನು ಇದು ದಾಟಿದೆ. ಜೊತೆಗೆ ಬಿಸಿಗೆ ರಬ್ಬರ್ ಮೆತ್ತಗಾಗಿ ಬೀಡ್ ರಿಮ್ಮನ್ನು ಕಚ್ಚಿಕೊಳ್ಳುವ ಹಿಡಿತವೂ ತಗ್ಗುತ್ತದೆ. ಅರೆಬರೆ ಕೂತಿರುವ ಟೈರ್ ಹೊರಗೆ ಬರಲು ಇದಕ್ಕಿಂತ ಅನುಕೂಲದ ಸಂದರ್ಭ ಬೇರೆ ಇಲ್ಲ.

ಹೆದರಿ ನಿಧಾನವಾಗಿ, ಉದ್ದಕ್ಕೂ ಬ್ರೇಕ್ ಹಿಡಿದೇ ಇಳಿಯುವವರ ರಿಮ್ ಹೆಚ್ಚು ಕಾಯುತ್ತದೆ ಎಂಬುದನ್ನು ಬಹಳ ಜನ ನಂಬುವುದಿಲ್ಲ. ಶೇಕಡಾ 7ರ ಇಳಿಜಾರಿನಲ್ಲಿ, ನೆಟ್ಟಗೆ ಕೂತ ಸವಾರ ಗಂಟೆಗೆ 20 ಕಿ.ಮೀ. ವೇಗದಲ್ಲಿದ್ದರೆ ಇಳಿಜಾರಿನ ಎಳೆತದ ಏಳನೇ ಒಂದು ಭಾಗವನ್ನು ಮಾತ್ರ ಗಾಳಿ ತಡೆಯುತ್ತದೆ, ಹೆಚ್ಚುಕಡಿಮೆ ಉಳಿದದ್ದೆಲ್ಲ ಬ್ರೇಕಿನ ಪಾಲಿಗೆ. 40 ಕಿ.ಮೀ. ವೇಗದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಗಾಳಿಯೇ ತಡೆಯುತ್ತದೆ. ನೇರ ರಸ್ತೆಯಲ್ಲಿ ಬ್ರೇಕ್ ಬಿಟ್ಟು, ತಿರುವಿಗೆ ಮುಂಚೆ ಎರಡೂ ಬ್ರೇಕನ್ನು ಗಟ್ಟಿಯಾಗಿ ಹಿಡಿದು, ಮತ್ತೆ ಬಿಡುವ ಕ್ರಮವನ್ನು ಅನುಭವಿಗಳು ಹೇಳಿಕೊಡುವುದು ಇದಕ್ಕಾಗಿ. ಆದರೂ ಎದುರಿನಿಂದ ಬಸ್ಸು ಬರುವ ಆಗುಂಬೆಯಂಥ ಕಿರಿದಾದ ರಸ್ತೆಯಲ್ಲಿ ವೇಗ ಹೆಚ್ಚಿಸಿ ಎಂದು ನಾನು ಯಾರಿಗೂ ಹೇಳಲಾರೆ. ಅಲ್ಲಿ ಸರಿಯಾದ ದಾರಿ ಒಂದೇ, ನಡುನಡುವೆ ಸುರಕ್ಷಿತ ಜಾಗದಲ್ಲಿ ನಿಂತು ರಿಮ್ಮನ್ನು ಆರಲು ಬಿಡುವುದು. ಬಿಸಿ ಎಷ್ಟಿದೆ ಎಂದು ನೋಡಲು ಬೆರಳನ್ನು ರಿಮ್ಮಿನ ಹತ್ತಿರ ತಂದರೆ ಸಾಕು, ಮುಟ್ಟಿದರೆ ಸುಡುತ್ತದೆ. ಹೊರಡುವ ಮುನ್ನ ಗರಿಷ್ಠ ಮಿತಿಯವರೆಗೆ ಗಾಳಿ ತುಂಬಬೇಡಿ. ನಿಮ್ಮ ಟೈರಿಗೆ 60ರಿಂದ 65 ಪಿಎಸ್‌ಐ ಧಾರಾಳವಾಯಿತು. 65 ಇದ್ದದ್ದು ಮೇಲೆ ಹೇಳಿದಷ್ಟೇ ಕಾದರೂ 84ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಡಿಸ್ಕ್ ಬ್ರೇಕ್ ಇರುವವರಿಗೆ ಈ ತೊಂದರೆಯಿಲ್ಲ, ಏಕೆಂದರೆ ಆ ಬಿಸಿ ಚಕ್ರದ ನಡುವಿನ ತಟ್ಟೆಯಲ್ಲೇ ಉಳಿಯುತ್ತದೆ.

ರಿಮ್ಮಿಗೆ ಅಂಟಿಸುವ ಟ್ಯೂಬ್ಯುಲರ್ ಟೈರಿನ ಕಥೆ ಬೇರೆ. ಅಲ್ಲಿ ಬೀಡೂ ಇಲ್ಲ, ಕೊಕ್ಕೆಯೂ ಇಲ್ಲ, ಅಂಟೇ ಎಲ್ಲ. 2003ರ ಟೂರ್ ಡಿ ಫ್ರಾನ್ಸ್‌ನಲ್ಲಿ ಗಾಪ್ ಪಟ್ಟಣದ ಕಡೆಗಿನ ಇಳಿಜಾರಿನಲ್ಲಿ, ಬಿಸಿಲಿಗೆ ಡಾಂಬರು ಮೆತ್ತಗಾಗಿದ್ದ ಜಾಗದಲ್ಲಿ, ಸ್ಪೇನಿನ ಹೊಸೆಬಾ ಬೆಲೋಕಿ ಅವರ ಹಿಂದಿನ ಚಕ್ರ ಜಾರಿ, ಟೈರ್ ರಿಮ್ಮಿನಿಂದ ಕಳಚಿ, ಅವರ ತೊಡೆಯ ಮೂಳೆ ಮುರಿಯಿತು. ಅಂಟಿಸಿದ ಟೈರಿನಲ್ಲಿ ಬ್ರೇಕಿನ ಬಿಸಿ ಅಂಟನ್ನೇ ಮೆದುವಾಗಿಸುತ್ತದೆ ಎಂಬುದನ್ನು ಅಂಥ ಟೈರ್ ಬಳಸುವವರು ಮರೆಯಬಾರದು.

ಮೈಸೂರುರೋಡಿ

ಹೊಸ ಚಕ್ರ ಕೊಳ್ಳುವ ಯೋಚನೆಯಲ್ಲಿ ಇದನ್ನು ಓದುತ್ತಿರುವವರಿಗಾಗಿ ಒಂದು ಮಾತು. ಈಚಿನ ಕೆಲವು ಟ್ಯೂಬ್‌ಲೆಸ್ ರಿಮ್ಮುಗಳಲ್ಲಿ ಕೊಕ್ಕೆಯೇ ಇರುವುದಿಲ್ಲ. ಗೋಡೆ ನೇರವಾಗಿರುತ್ತದೆ, ಬೀಡಿನ ಬಿಗಿತವೊಂದೇ ಟೈರನ್ನು ಹಿಡಿದಿರುತ್ತದೆ. ಅಂಥ ರಿಮ್ಮುಗಳಿಗೆ, ಟೈರ್ ಮತ್ತು ರಿಮ್ಮಿನ ಅಳತೆಗಳನ್ನು ಗೊತ್ತುಮಾಡುವ ಯುರೋಪಿನ ಸಂಸ್ಥೆಯ ಇಟಿಆರ್‌ಟಿಒ ಮಾನದಂಡ ಹಾಕಿರುವ ಗರಿಷ್ಠ ಮಿತಿ 5 ಬಾರ್, ಅಂದರೆ 72.5 ಪಿಎಸ್‌ಐ, ಟೈರಿನ ಮೇಲೆ ಅದಕ್ಕಿಂತ ಹೆಚ್ಚು ಅಚ್ಚಾಗಿದ್ದರೂ ಈ ಮಿತಿಯೇ ಅಂತಿಮ. 2024ರ ಫೆಬ್ರವರಿಯಲ್ಲಿ ಯುಎಇ ಟೂರ್ ಸ್ಪರ್ಧೆಯಲ್ಲಿ ಬೆಲ್ಜಿಯಂನ ಥಾಮಸ್ ಡಿ ಗೆಂಟ್ ಬಿದ್ದಾಗ ಅವರ ಟೈರ್ ಇಂಥ ರಿಮ್ಮಿನಿಂದ ಕಳಚಿಕೊಂಡಿತ್ತು. ವೃತ್ತಿಪರರ ವಲಯದಲ್ಲಿ ಆಗ ದೊಡ್ಡ ಚರ್ಚೆಯಾಯಿತು. ಕೊಕ್ಕೆಯಿಲ್ಲದ ರಿಮ್ಮಿಗೆ, ಅದಕ್ಕೆ ಒಪ್ಪುತ್ತದೆ ಎಂದು ತಯಾರಕರು ಸ್ಪಷ್ಟವಾಗಿ ಬರೆದಿರುವ ಟೈರನ್ನೇ ಹಾಕಬೇಕು. ಇದರಲ್ಲಿ ಸಡಿಲಿಕೆ ಸಲ್ಲದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ರಿಪೇರಿಮೇಷ್ಟ್ರು

ತುಂಗಾತೀರ ಅವರೇ, ನೀವು ಹೇಳಿದ ಹೊಳಪಿಲ್ಲದ ಗೆರೆ ಬೀಡ್ ಒತ್ತಿದ ಗುರುತೇ. ವಾಲ್ವಿನ ಹತ್ತಿರ ಇರುವುದೂ ಸಹಜವೇ. ವಾಲ್ವಿನ ಬುಡದಲ್ಲಿ ರಬ್ಬರ್ ದಪ್ಪವಾಗಿರುತ್ತದೆ. ಟೈರಿನ ಎರಡು ಅಂಚುಗಳ ನಡುವೆ ಅದು ಅಡ್ಡ ನಿಂತರೆ ಪಕ್ಕದ ತೆಳು ಭಾಗವೂ ಬೀಡಿನ ಕೆಳಗೆ ಸೇರಿಕೊಳ್ಳುತ್ತದೆ.

ಹೊಸ ಟ್ಯೂಬ್ ಹಾಕುವಾಗ ಮೊದಲು ಅದಕ್ಕೆ ಆಕಾರ ಬರುವಷ್ಟು ಗಾಳಿ ಕೊಡಿ. ಚಪ್ಪಟೆಯಾದ ಟ್ಯೂಬ್ ಸುಲಭವಾಗಿ ಮಡಚಿಕೊಂಡು ಸಿಕ್ಕಿಬೀಳುತ್ತದೆ. ವಾಲ್ವಿನ ಎದುರು ಬದಿಯಿಂದ ಟೈರ್ ಕೂರಿಸುತ್ತಾ ಬಂದು ವಾಲ್ವಿನ ಬಳಿ ಮುಗಿಸಿ, ಸಾಧ್ಯವಾದಷ್ಟೂ ಕೈಯಿಂದಲೇ. ಮುಗಿದ ಮೇಲೆ ವಾಲ್ವನ್ನು ಹೆಬ್ಬೆರಳಿನಿಂದ ಟೈರಿನ ಒಳಕ್ಕೆ ಒಮ್ಮೆ ಒತ್ತಿ, ಮತ್ತೆ ಹೊರಕ್ಕೆ ಎಳೆಯಿರಿ. ಬುಡದ ದಪ್ಪ ಭಾಗ ಅಂಚುಗಳ ನಡುವಿನಿಂದ ಬಿಡಿಸಿಕೊಳ್ಳುವುದು ಆಗಲೇ. ಆಮೇಲೆ ಟೈರನ್ನು ಒಂದು ಪಕ್ಕಕ್ಕೆ ಹಿಸುಕಿ ರಿಮ್ಮಿನ ಒಳಗೆ ನೋಡುತ್ತಾ ಇಡೀ ಸುತ್ತು ಬನ್ನಿ, ಇನ್ನೊಂದು ಪಕ್ಕದಲ್ಲೂ ಹಾಗೆಯೇ ಮಾಡಿ. ಒಳಗೆ ರಿಮ್ ಟೇಪ್ (ಕಡ್ಡಿಗಳ ತೂತು ಮುಚ್ಚುವ ಪಟ್ಟಿ) ಕಾಣಬೇಕು, ಟ್ಯೂಬ್ ಎಲ್ಲಿಯೂ ಕಾಣಬಾರದು. ಇದಕ್ಕೆ ಹಿಡಿಯುವುದು ಒಂದೆರಡು ನಿಮಿಷ. ಗಿರಾಕಿಗಳು ಸಾಲುಗಟ್ಟಿ ನಿಂತಿರುವ ಅಂಗಡಿಯಲ್ಲಿ ತಪ್ಪಿಹೋಗುವ ಹಂತವೂ ಇದೇ ಆದ್ದರಿಂದ, ಮನೆಗೆ ಬಂದ ಮೇಲೆ ಗಾಳಿ ಇಳಿಸಿ ನೀವೇ ನೋಡಿದರೂ ತಪ್ಪಿಲ್ಲ.

ಗಾಳಿಯನ್ನು ಒಂದೇ ಸಲ ತುಂಬಬೇಡಿ. 25 ಪಿಎಸ್‌ಐ ಸುಮಾರಿಗೆ ನಿಲ್ಲಿಸಿ, ಚಕ್ರವನ್ನು ತಿರುಗಿಸಿ ಗಮನಿಸಿ. ಟೈರಿನ ಪಕ್ಕದಲ್ಲಿ ರಿಮ್ಮಿಗೆ ತೀರ ಹತ್ತಿರ ಒಂದು ಉಬ್ಬು ಗೆರೆ ಸುತ್ತಲೂ ಓಡುತ್ತದೆ. ರಿಮ್ಮಿನಿಂದ ಅದರ ದೂರ ಎಲ್ಲ ಕಡೆಯೂ ಒಂದೇ ಆಗಿರಬೇಕು. ಒಂದು ಕಡೆ ಮೇಲೆದ್ದಿದ್ದರೆ ಅಲ್ಲಿ ಟ್ಯೂಬ್ ಸಿಕ್ಕಿಕೊಂಡಿರಬಹುದು, ಗಾಳಿ ಬಿಟ್ಟು ಸರಿಪಡಿಸಿ. ಒಂದು ಕಡೆ ಮುಳುಗಿದ್ದರೆ ಬೀಡ್ ಇನ್ನೂ ಏರಿಲ್ಲ; ಅಲ್ಲಿ ಸ್ವಲ್ಪ ಸೋಪಿನ ನೀರು ಹಚ್ಚಿ ಒತ್ತಡವನ್ನು ನಿಧಾನವಾಗಿ ಏರಿಸಿ. ಪೆಟ್ರೋಲ್ ಬಂಕಿನ ಕಂಪ್ರೆಸರನ್ನು ಇದಕ್ಕೆ ಬಳಸಬೇಡಿ. ಸೈಕಲ್ ಟೈರಿನ ಒಳಜಾಗ ಬಹಳ ಕಡಿಮೆ. ಆ ಹರಿವಿಗೆ ಕ್ಷಣಮಾತ್ರದಲ್ಲಿ ಮಿತಿ ದಾಟುತ್ತದೆ, ನೋಡಿ ನಿಲ್ಲಿಸಲು ಸಮಯವೇ ಸಿಗುವುದಿಲ್ಲ. ಮೀಟರ್ ಇರುವ ನೆಲದ ಪಂಪ್ ಮನೆಯಲ್ಲಿರಲಿ.

ಗೇಣುದ್ದ ಸೀಳಿದ ಟ್ಯೂಬಿಗೆ ಪ್ಯಾಚ್ ಹಾಕಿಸಲು ಹೋಗಬೇಡಿ, ಅದು ನಿಲ್ಲುವುದಿಲ್ಲ. ಟೈರನ್ನು ಮಾತ್ರ ಎಸೆಯುವ ಮೊದಲು ಪರೀಕ್ಷಿಸಿ: ಹೊರಗೆ ಬಂದಿದ್ದ ಭಾಗದ ಅಂಚನ್ನು ಎರಡು ಬೆರಳುಗಳ ನಡುವೆ ಹಿಡಿದು ಉದ್ದಕ್ಕೂ ಸವರಿ ನೋಡಿ. ತಂತಿ ಎಲ್ಲಾದರೂ ಮಡಚಿದ್ದರೆ, ಅಥವಾ ಅದರ ಮೇಲಿನ ಬಟ್ಟೆ ಬಿರಿದು ತಂತಿ ಕಾಣುತ್ತಿದ್ದರೆ, ಹೊಸದಾದರೂ ಆ ಟೈರನ್ನು ಮತ್ತೆ ಹಾಕಬೇಡಿ. ಹಾಗೇನೂ ಇಲ್ಲದಿದ್ದರೆ ಅದನ್ನೇ ಬಳಸಬಹುದು. ಹಾಕಿ 65 ಪಿಎಸ್‌ಐ ತುಂಬಿ ಒಂದು ರಾತ್ರಿ ಬಿಡಿ, ಬೆಳಿಗ್ಗೆ ಆ ಉಬ್ಬು ಗೆರೆಯನ್ನು ಮತ್ತೊಮ್ಮೆ ಸುತ್ತಲೂ ನೋಡಿಕೊಂಡು ಆಮೇಲೆ ರಸ್ತೆಗೆ ಇಳಿಸಿ.